ಹದಿನಾಲ್ಕನೇ ಹೋಲ್‌ನಲ್ಲಿ ನಿಂತ ಪೆನ್ನು

ತಟ್ಟೆ ಇಡ್ಲಿ ಪಾರ್ಸಲ್ ತರಲು ಕ್ಯಾತ್ಸಂದ್ರಕ್ಕೆ ಹೋದ ಅಂಬ್ರೀನ್ ಒಂದೂವರೆ ಗಂಟೆ ತಡವಾಗಿ ಮನೆ ಸೇರಿದಳು. ಅಷ್ಟರಲ್ಲಿ ಇಡ್ಲಿ ತಣ್ಣಗಾಗಿ, ಬೆಣ್ಣೆ ಎಲೆಗೆ ಅಂಟಿಕೊಂಡು, ಅವಳ ಅಬ್ಬಾ ಜಹೀರ್ ಅಹಮದ್ ಎರಡು ಬಾಳೆಹಣ್ಣು ತಿಂದು ನೀರು ಕುಡಿದು ಕೂತಿದ್ದರು. ಎಲ್ಲಿದ್ದೆ ಎಂದು ಕೇಳಿದ್ದಕ್ಕೆ ಗಾಲ್ಫ್ ನೋಡುತ್ತಿದ್ದೆ ಎಂದಳು. ಸುಳ್ಳೇ ಹೇಳುವುದಾದರೆ ನಂಬುವಂಥದ್ದು ಹೇಳಬಾರದಾ ಎನ್ನುವ ಹಾಗೆ ಅವರು ಮಗಳ ಮುಖ ನೋಡಿದರು.

ಆದರೆ ಅದು ನಿಜ.

ಪುಟ್ಟರಂಗಯ್ಯನವರ ಹೋಟೆಲಿನಲ್ಲಿ ಬೆಂಚು ಆರು, ಟೀವಿ ಒಂದು. ಭಾನುವಾರ ಬೇರೆ ಹೋಟೆಲುಗಳಲ್ಲಿ ಕ್ರಿಕೆಟ್ಟೋ ಸಿನಿಮಾ ಹಾಡೋ ಇದ್ದರೆ ಇಲ್ಲಿ ಗಾಲ್ಫ್. ಹೋಟೆಲು ಇಡುವ ಮೊದಲು ಪುಟ್ಟರಂಗಯ್ಯ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕ್ಯಾಡಿಯಾಗಿದ್ದವರು. ಅಂದರೆ ಆಟಗಾರರ ಬ್ಯಾಗು ಹೊತ್ತು, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುತ್ತಾ ಜೊತೆಗೆ ನಡೆದವರು. ಗೊಣಗುವ ಗಿರಾಕಿಗೆ ಇನ್ನೊಂದು ಸೌಟು ಚಟ್ನಿ ಹಾಕಿ ಸುಮ್ಮನಾಗಿಸುತ್ತಿದ್ದರು.

ಆವತ್ತು ಪರದೆಯ ಮೇಲೆ ಹರ್ಷಿತಾ ಇದ್ದಳು. ಹೆಬ್ಬೂರಿನ ಹುಡುಗಿ. ಚೆಂಡಿಗೂ ಗುಳಿಗೂ ನಡುವೆ ಆರಡಿ. ಮುಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ, ಜೇಬಿನಲ್ಲಿ ಪೆನ್ನಿನ ಪಕ್ಕ ಪುಟ್ಟದೊಂದು ಸ್ಟೀಲ್ ಸ್ಕೇಲು ಇಟ್ಟುಕೊಂಡವನು, ತೀರ್ಪು ಕೊಡುವವನ ಹಾಗೆ ಹೇಳಿದ: "ಬಲಕ್ಕೆ ಜಾರುತ್ತೆ."

ಕೌಂಟರಿನ ಹತ್ತಿರ ಪಾರ್ಸಲ್ಲಿಗೆ ಕಾಯುತ್ತಿದ್ದ ಅಂಬ್ರೀನ್‌ಳ ಬಾಯಿ ಸುಮ್ಮನಿರಲಿಲ್ಲ. "ಜಾರಲ್ಲ. ಎಡ ಮೊಣಕೈ ನೋಡಿ, ಅಲ್ಲಾಡ್ತಿಲ್ಲ."

ಆರು ಬೆಂಚಿನ ತಲೆಗಳೂ ತಿರುಗಿದವು. ಅಷ್ಟರಲ್ಲಿ ಚೆಂಡು ಗುಳಿಗೆ ಬಿತ್ತು. ಸ್ಕೇಲಿನವನ ಕೈಯಲ್ಲಿದ್ದ ಇಡ್ಲಿ ತುಂಡು ತಟ್ಟೆಗೂ ಬಾಯಿಗೂ ನಡುವೆ ನಿಂತೇ ಇತ್ತು.

"ನೀವು ಆಡ್ತೀರಾ?" ಎಂದ.

"ಇಲ್ಲ, ಹೊಲೀತೀನಿ."

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಅವಳಿಗೆ ಒಂದೂವರೆ ಗಂಟೆ ಹಿಡಿಯಿತು.

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಅಪ್ಪ ಮಗಳದೊಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಶಾಲೆಗಳ ಲೋಗೋ, ಟೀ ಶರ್ಟು, ಟೋಪಿ. ಎರಡು ವರ್ಷದ ಹಿಂದೆ ಮಕ್ಕಳ ಗಾಲ್ಫ್ ಪಂದ್ಯವೊಂದಕ್ಕೆ ಇನ್ನೂರು ಟೋಪಿಯ ಆರ್ಡರು ಬಂತು. ಮೇಲೆ ಕೋಲು ಬೀಸುತ್ತಿರುವ ಹುಡುಗಿಯ ಚಿತ್ರ ಇರಬೇಕು. ದಾರದಲ್ಲಿ ಮೂಡಬೇಕಾದರೆ ಮೊಣಕೈ ಎಲ್ಲಿ ಮಡಚುತ್ತದೆ, ಸೊಂಟ ಯಾವಾಗ ತಿರುಗುತ್ತದೆ ಗೊತ್ತಾಗಬೇಕಲ್ಲ. ಅಂಬ್ರೀನ್ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಟೋಪಿಗಳು ಹೋದವು, ನೋಡುವ ಚಟ ಉಳಿಯಿತು.

ಸ್ಕೇಲಿನವನ ಹೆಸರು ಮೆಹತಾಬ್. ಊರು ಕುಣಿಗಲ್, ಇರುವುದು ಗುಬ್ಬಿಯಲ್ಲಿ, ಕೆಲಸ ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಲ್ಲಿ ಅಳತೆ ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಬಂದರೂ ಆ ಬಿಡಿಭಾಗವನ್ನು ಪಕ್ಕಕ್ಕೆ ಇಡುವುದೇ ಅವನ ನೌಕರಿ. ಇಬ್ಬರ ಮನೆಮಾತೂ ಉರ್ದು. ಆದರೆ ಹೋಟೆಲಿನಲ್ಲಿ ಕನ್ನಡದಲ್ಲಿ ಶುರುವಾದ ಮಾತು ಕನ್ನಡದಲ್ಲೇ ಉಳಿದುಬಿಟ್ಟಿತು.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಜಹೀರ್ ಸಾಹೇಬರು ತಣ್ಣನೆಯ ಇಡ್ಲಿ ತಿಂದರು.

*

ಆ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಆಟದಲ್ಲಿ ಹದಿನೆಂಟು ಗುಳಿ, ಅಂದರೆ ಹೋಲ್. ಹರ್ಷಿತಾ ಒಂದೊಂದು ಹೋಲ್ ಶುರು ಮಾಡುವ ಮೊದಲೂ, ಎಷ್ಟು ಏಟಿಗೆ ಮುಗಿಸುತ್ತಾಳೆ ಎಂದು ಇವರು ಹೇಳಬೇಕು. ನಾಲ್ಕು ಎಂದು ಹೇಳಿ ಅವಳು ಆರು ಹೊಡೆದರೆ ಎರಡು ಏಟು ಹೇಳಿದವರ ತಲೆಗೆ. ಕೊನೆಯಲ್ಲಿ ಯಾರ ತಲೆ ಮೇಲೆ ಕಮ್ಮಿಯೋ ಅವರು ಗೆದ್ದ ಹಾಗೆ.

ಒಂದೇ ಷರತ್ತು. ತನ್ನ ಊಹೆಗಳ ಕಾರ್ಡನ್ನು ತಾನೇ ಬರೆಯುವಂತಿಲ್ಲ. ನಿಜವಾದ ಗಾಲ್ಫಿನಲ್ಲೂ ಹಾಗೇ: ನನ್ನ ಲೆಕ್ಕ ನೀನು ಬರೆ, ನಿನ್ನದು ನಾನು ಬರೆಯುತ್ತೇನೆ. ಆಟ ಮುಗಿದ ಮೇಲೆ ಓದಿ ನೋಡಿ ಸೈನ್ ಹಾಕಬೇಕು. ಇದ್ದದ್ದಕ್ಕಿಂತ ಒಂದೇ ಒಂದು ಏಟು ಕಮ್ಮಿ ಬರೆದ ಕಾರ್ಡಿಗೆ ಸೈನ್ ಹಾಕಿದರೂ ಆಟಗಾರ ಔಟು. ಬರೆದವನು ಬೇರೆಯವನು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಅಂಬ್ರೀನ್‌ಳ ಕಾರ್ಡು ಮೆಹತಾಬ್ ಬರೆದ. ಮೆಹತಾಬ್‌ನ ಕಾರ್ಡು ಅಂಬ್ರೀನ್ ಬರೆದಳು. ಅದನ್ನು ಯಾರೂ ಹೇಳಿಕೊಡಲಿಲ್ಲ. ಎದುರುಬದುರು ಕೂತಿದ್ದರು, ಅಷ್ಟೇ. ಅವನು ಅಂಕಿಗಳನ್ನು ಅಚ್ಚು ಹಾಕಿದ ಹಾಗೆ ಬರೆಯುತ್ತಿದ್ದ. ಅವಳು ಬರೆದ ಎರಡರ ಅಂಕಿ ಬಾತುಕೋಳಿಯ ಹಾಗಿರುತ್ತಿತ್ತು.

"ಇದು ಎರಡಾ, ಏಳಾ?"

"ನಿಮ್ ಹಣೆಬರಹ ಕಣ್ರೀ. ಹೆಂಗ್ ಬೇಕೋ ಹಂಗ್ ಓದ್ಕೊಳ್ಳಿ."

ಅವನು ನಗುವುದಿಲ್ಲ. ನಗು ಬಂದಾಗ ತಲೆ ತಗ್ಗಿಸಿ ಸ್ಕೇಲನ್ನು ಜೇಬಿನಲ್ಲಿ ಸರಿ ಮಾಡಿಕೊಳ್ಳುತ್ತಾನೆ. ಇದನ್ನು ಕಂಡುಹಿಡಿದ ಮೇಲೆ ಒಂದು ಬೆಳಿಗ್ಗೆಯಲ್ಲಿ ಎಷ್ಟು ಸಲ ಆ ಸ್ಕೇಲನ್ನು ಮುಟ್ಟಿಸಬಹುದು ಎಂದು ಅವಳು ಮನಸ್ಸಿನಲ್ಲೇ ಬೇರೊಂದು ಲೆಕ್ಕ ಇಟ್ಟಳು.

ಆದರೆ ಆ ಹೋಟೆಲಿನ ದೊಡ್ಡ ಚರ್ಚೆ ಬೇರೆಯೇ. ಹರ್ಷಿತಾ ನಗುವವಳಲ್ಲ, ಸಿಡುಕುವವಳೂ ಅಲ್ಲ. ಒಂದು ಕಾಲಿಗೆ ಹಳದಿ ಸಾಕ್ಸು, ಇನ್ನೊಂದಕ್ಕೆ ಬಿಳಿ. ದೂರದ ಹೊಡೆತ ಎಂದರೆ ಹೂವು ಎತ್ತಿದಷ್ಟು ಸಲೀಸು. ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುವ ಪಟ್, ಅದೂ ಎರಡಡಿಯದು ಬಂತೋ, ಕೈ ನಡುಗುತ್ತದೆ. ವರ್ಷದ ಕೊನೆಗೆ ಮೊದಲ ಮೂವತ್ತರೊಳಗೆ ಇದ್ದವರಿಗೆ ಮಾತ್ರ ಮುಂದಿನ ವರ್ಷ ಜಾಗ. ಇವಳು ಮೂವತ್ತೆರಡು, ಇಪ್ಪತ್ತೊಂಬತ್ತು, ಮೂವತ್ತಮೂರು ಎಂದು ಅಂಚಿನಲ್ಲೇ ಓಡಾಡುತ್ತಿದ್ದಳು. ಇಷ್ಟು ಚಿಕ್ಕ ಪಟ್ ಮನೆಯಲ್ಲಿ ಕೂತ ನಾವೂ ಹಾಕುತ್ತೇವೆ ಎಂದು ಫೋನಿನಲ್ಲಿ ಬರೆಯುವವರಿಗೇನು ಬರವಿಲ್ಲ.

ಅಂಥ ಪ್ರತಿ ಪಟ್‌ಗೂ ಮೊದಲು ಅವಳು ತನ್ನ ಕ್ಯಾಡಿಯ ಕಿವಿಯಲ್ಲಿ ಏನೋ ಹೇಳುತ್ತಾಳೆ. ಕ್ಯಾಡಿ ಬೇರೆ ಯಾರೂ ಅಲ್ಲ, ಅವಳ ಚಿಕ್ಕಪ್ಪ ರಂಗನಾಥ್; ಬೆಂಗಳೂರಿನ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಅವರೂ ತುಟಿ ಅಲ್ಲಾಡಿಸಿ ಏನೋ ಅನ್ನುತ್ತಾರೆ. ಆಮೇಲೆ ಅವಳು ಹೋಗಿ ಹೊಡೆಯುತ್ತಾಳೆ. ಅದೇನೆಂದು ಯಾರೋ ಮೈಕು ಹಿಡಿದು ಕೇಳಿದ್ದಕ್ಕೆ "ಅದು ನಮ್ಮನೆ ವಿಷ್ಯ" ಎಂದಿದ್ದಳು.

ಮನೆದೇವರ ಹೆಸರು ಎಂದರು ಪುಟ್ಟರಂಗಯ್ಯ. ಇಳಿಜಾರಿನ ಲೆಕ್ಕ ಎಂದ ಮೆಹತಾಬ್. ಯಾವುದೋ ಹಾಡಿನ ಸಾಲು ಎಂದು ಅಂಬ್ರೀನ್ ಹೇಳಿದಳಾದರೂ ಅವಳಿಗೇ ಅದರಲ್ಲಿ ನಂಬಿಕೆ ಇರಲಿಲ್ಲ.

ಉಳಿದವರಿಗೆ ಅದು ಕುತೂಹಲ. ಅವಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಕಳೆದ ವರ್ಷ ಅವಳ ಕೈಯಿಂದ ಮುನ್ನೂರು ಟೀ ಶರ್ಟಿನ ಲೋಗೋ ಅರ್ಧ ಇಂಚು ಓರೆಯಾಗಿ ಹೊಲಿದುಹೋಯಿತು. ಆವತ್ತಿನಿಂದ ಫ್ರೇಮು ಬಿಗಿದು, ದಾರ ಪೋಣಿಸಿ, ಎಲ್ಲ ಮಾಡುತ್ತಾಳೆ. ಮಿಷನ್ನು ಶುರುಮಾಡುವ ಹಸಿರು ಬಟನ್ನು ಒತ್ತುವ ಹೊತ್ತಿಗೆ ಬೆರಳು ಮುಂದೆ ಹೋಗುವುದಿಲ್ಲ. "ಅಬ್ಬಾ" ಎಂದು ಕರೆಯುತ್ತಾಳೆ, ಅವರು ಬಂದು ಒತ್ತುತ್ತಾರೆ. ಇಬ್ಬರೂ ಆ ಬಗ್ಗೆ ಮಾತಾಡಿಲ್ಲ. ನಡುಗುವ ಕೈಯನ್ನು ಹರ್ಷಿತಾ ಯಾವ ಮಾತು ಹೇಳಿ ಮುಂದಕ್ಕೆ ಕಳಿಸುತ್ತಾಳೆ? ಆ ಒಂದು ಮಾತು ತನಗೂ ಬೇಕು ಎಂದು ಅಂಬ್ರೀನ್‌ಗೆ ಅನ್ನಿಸಿತ್ತು. ಇದನ್ನು ಅವಳು ಹೇಳಿದ್ದು ಒಬ್ಬನಿಗೆ ಮಾತ್ರ. ಅವನು ಕೇಳಿಸಿಕೊಂಡ. ಸ್ಕೇಲನ್ನು ಮುಟ್ಟಲಿಲ್ಲ.

*

ಹೀಗಿರುವಾಗ ಪುಟ್ಟರಂಗಯ್ಯ ಒಂದು ಸುದ್ದಿ ತಂದರು. ವರ್ಷದ ಕೊನೆಯ ಪಂದ್ಯ ಬೆಂಗಳೂರಿನಲ್ಲಿ. ಅವರ ಹಳೆಯ ಸ್ನೇಹಿತ ಅಲ್ಲಿ ವಾಲಂಟಿಯರುಗಳನ್ನು ನೋಡಿಕೊಳ್ಳುತ್ತಾನೆ. ಆಟಗಾರರ ಜೊತೆಗೇ, ನೋಡುವ ಜನರನ್ನು ತಡೆಯುವ ಹಗ್ಗದ ಒಳಗೆ, ಹದಿನೆಂಟು ಹೋಲೂ ನಡೆದು ಪ್ರತಿ ಏಟನ್ನೂ ಕೈಯಲ್ಲಿರುವ ಯಂತ್ರಕ್ಕೆ ಹಾಕುವ ಒಂದು ಜಾಗ ಕೊಡುತ್ತಾನಂತೆ. ಹರ್ಷಿತಾಳ ಗುಂಪಿನೊಂದಿಗೇ. ಒಬ್ಬರಿಗೆ ಮಾತ್ರ. ಮೂರು ಭಾನುವಾರದ ಕಾರ್ಡು ಕೂಡಿಸಿ, ಗೆದ್ದವರು ಹೋಗಬೇಕು.

ಹಗ್ಗದ ಒಳಗೆ ಎಂದರೆ ಆ ಮಾತು ಕೇಳಿಸುವಷ್ಟು ಹತ್ತಿರ.

ಎರಡು ಭಾನುವಾರ ಮುಗಿದಾಗ ಅಂಬ್ರೀನ್, ಮೆಹತಾಬ್ ಸಮಸಮ. ಉಳಿದವರು ದೂರ ಉಳಿದಿದ್ದರು. ಮೂರನೆಯ ಭಾನುವಾರ ಹೋಟೆಲಿನಲ್ಲಿ ಇಡ್ಲಿ ಮುಗಿದರೂ ಯಾರೂ ಎದ್ದು ಹೋಗಲಿಲ್ಲ.

ಹದಿಮೂರನೇ ಹೋಲ್‌ನಲ್ಲಿ ಹರ್ಷಿತಾ ಎರಡಡಿಯ ಪಟ್ ತಪ್ಪಿಸಿದಳು. ಹದಿನಾಲ್ಕು ಉದ್ದನೆಯ ಹೋಲ್, ಐದು ಏಟಿಗೆ ಮುಗಿಯಬೇಕಾದದ್ದು, ಬಲಗಡೆ ನೀರು. ಅಂಬ್ರೀನ್ ಕಣ್ಣು ಮುಚ್ಚಿ ಯೋಚಿಸಿ, ಕಣ್ಣು ತೆರೆದು ಹೇಳಿದಳು. ಹೇಳಿದ ಮೇಲೆ ನೋಡಿದರೆ ಮೆಹತಾಬ್ ಪೆನ್ನು ಎತ್ತಿ ಹಿಡಿದು ಅವಳನ್ನೇ ನೋಡುತ್ತಿದ್ದ. ಬರೆಯುತ್ತಿರಲಿಲ್ಲ. ಅಳೆಯುವವನ ನೋಟವಲ್ಲ ಅದು. ಅಳತೆಪಟ್ಟಿಯನ್ನು ಎಲ್ಲೋ ಮರೆತು ಬಂದವನ ನೋಟ. ಅವಳ ಕಿವಿಯ ತುದಿ ಬಿಸಿಯಾಯಿತು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಟೀವಿಯ ಕಡೆ ತಿರುಗಿದಳು. ತಿರುಗಿದರೂ ಆ ನೋಟ ಕೆನ್ನೆಯ ಮೇಲೆ ಬಿಸಿಲಿನ ಹಾಗೆ ಕೂತೇ ಇತ್ತು.

ಹರ್ಷಿತಾ ಆ ಹೋಲನ್ನು ನಾಲ್ಕೇ ಏಟಿಗೆ ಮುಗಿಸಿದಳು.

ಹದಿನೆಂಟು ಮುಗಿದಾಗ ಅಂಬ್ರೀನ್‌ಳ ತಲೆಯ ಮೇಲೆ ಮೂವತ್ತೊಂದು, ಮೆಹತಾಬ್‌ನ ತಲೆಯ ಮೇಲೆ ಮೂವತ್ತೆರಡು. ಅವಳು ಕಾರ್ಡಿನ ಕೊನೆಯ ಮೊತ್ತವನ್ನಷ್ಟೇ ನೋಡಿ ಸೈನ್ ಹಾಕಿದಳು. ಪುಟ್ಟರಂಗಯ್ಯ ಎಲ್ಲರಿಗೂ ಕಾಫಿ ಕೊಟ್ಟರು.

*

ಸೋಮವಾರ ಬೆಳಿಗ್ಗೆಯಿಂದ ಅವಳು ಆ ನೋಟವನ್ನು ವಿಡಿಯೋದ ಹಾಗೆ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಪೆನ್ನು ಎಲ್ಲಿತ್ತು, ಹುಬ್ಬು ಹೇಗಿತ್ತು, ತಾನು ಹೇಳಿದ್ದೇನು. ಮತ್ತೆ ಹಿಂದಕ್ಕೆ. ಪೆನ್ನು, ಹುಬ್ಬು, ತಾನು ಹೇಳಿದ್ದು.

ತಾನು ಹೇಳಿದ್ದು ಆರು.

ಪಟ್ ತಪ್ಪಿದೆ, ಕೈ ನಡುಗುತ್ತಿದೆ, ನೀರಿಗೆ ಹಾಕುತ್ತಾಳೆ, ಆರು. ಅನುಮಾನವೇ ಇರಲಿಲ್ಲ. ದಾರದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದ ಕಾರ್ಡನ್ನು ತೆಗೆದಳು. ಹದಿನಾಲ್ಕರ ಮನೆಯಲ್ಲಿ ಅಚ್ಚು ಹಾಕಿದಂಥ ನಾಲ್ಕು. ಅವನು ಆಗ ಬರೆದಿರಲಿಲ್ಲ. ಹೋಲ್ ಮುಗಿಯುವವರೆಗೆ ಕಾದು, ಹರ್ಷಿತಾ ಹೊಡೆದದ್ದನ್ನೇ ಅವಳು ಹೇಳಿದ ಹಾಗೆ ಬರೆದಿದ್ದ.

ಎರಡು ಏಟು. ಮೂವತ್ತಮೂರು ಆಗಬೇಕಿತ್ತು. ಅವಳು ಸೋತಿದ್ದಳು.

ತುಂಬ ಹೊತ್ತು ಮಿಷನ್ನಿನ ಮುಂದೆ ಕೂತಿದ್ದಳು. ಯಾರೂ ನೋಡಿಲ್ಲ, ಯಾರೂ ಕೇಳುವುದಿಲ್ಲ. ಹೋಗಬಹುದು, ಆ ಮಾತನ್ನು ಕೇಳಬಹುದು. ಆದರೆ ಅವಳಿಗೆ ಸಿಕ್ಕ ನೋಟಗಳಲ್ಲೇ ಚೆಂದದ್ದೊಂದು ಹೀಗೆ ಕಳ್ಳಮಾಲು ಆಗಿಬಿಟ್ಟಿತಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಮಧ್ಯಾಹ್ನ ಕ್ಯಾತ್ಸಂದ್ರಕ್ಕೆ ಹೋಗಿ ಕಾರ್ಡನ್ನು ಪುಟ್ಟರಂಗಯ್ಯನವರ ಮುಂದೆ ಇಟ್ಟಳು. ತಾನು ಆರು ಹೇಳಿದ್ದು, ನಾಲ್ಕು ಇದೆ, ನೋಡದೆ ಸೈನ್ ಹಾಕಿದೆ, ತಾನು ಔಟು ಎಂದಳು. ಅವರು ರುಬ್ಬಿದ ಹಿಟ್ಟಿನ ಕೈಯನ್ನು ಒರೆಸಿಕೊಂಡು ಕಾರ್ಡು ನೋಡಿದರು.

"ತಿಳಿದೂ ತಪ್ಪು ಬರೆದಿದ್ರೆ ಬರೆದೋನೂ ಔಟು ಕಣವ್ವ. ತಿಳಿದೇ ಬರೆದ್ನಾ?"

"ಅದನ್ನ ನಾನ್ ಹೇಳಲ್ಲ ಅಣ್ಣ. ನನ್ ಕಾರ್ಡಿನ ವಿಷ್ಯ ಹೇಳೋಕಷ್ಟೇ ಬಂದೆ."

ಪುಟ್ಟರಂಗಯ್ಯ ಮತ್ತೇನೂ ಕೇಳಲಿಲ್ಲ. ಇಪ್ಪತ್ತು ವರ್ಷ ಬ್ಯಾಗು ಹೊತ್ತವರಿಗೆ ಎಲ್ಲಿ ಸುಮ್ಮನಿರಬೇಕು ಎಂದು ಗೊತ್ತಿರುತ್ತದೆ.

ಸಂಜೆ ಐದಕ್ಕೆ ಅವಳು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿದ್ದಳು. ಫ್ಯಾಕ್ಟರಿಯ ಬಸ್ಸಿನಿಂದ ಇಳಿದ ಮೆಹತಾಬ್ ಅವಳನ್ನು ಕಂಡು ಖುಷಿಯಿಂದ ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಯ ಹೊತ್ತಿಗೆ ಅವಳ ಕೈಯಲ್ಲಿದ್ದ ಕಾರ್ಡು ಕಾಣಿಸಿತು.

"ನಾನು ಆರು ಅಂದಿದ್ದೆ."

ಅವನು ಸುಳ್ಳು ಹೇಳಲಿಲ್ಲ. "ಹೌದು."

"ಫ್ಯಾಕ್ಟರೀಲಿ ಕೂದಲಷ್ಟು ಹೆಚ್ಚುಕಮ್ಮಿ ಆದ್ರೂ ಬಿಡಲ್ಲ ಅಂತೀರಾ."

"ನಿಮಗೆ ಆ ಮಾತು ಬೇಕಿತ್ತು," ಎಂದ ಅವನು, ನೆಲ ನೋಡುತ್ತಾ. "ಬಟನ್ ವಿಷ್ಯ ಹೇಳಿದ್ರಲ್ಲ, ಆವತ್ತಿಂದ ನೀವೇ ಹೋಗ್ಬೇಕು ಅನ್ಸ್ತಿತ್ತು."

"ನಾನು ಗೆದ್ದು ಹೋಗ್ಬೇಕು ಅಂತ ಅನ್ಸ್ಲಿಲ್ವಾ?"

ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಆ ಪ್ರಶ್ನೆ ಸಣ್ಣದಾಗಿಯೇ ಬಂತು. ಆದರೆ ಮೆಹತಾಬ್‌ನ ಮುಖ ನೋಡಿದರೆ ಅವನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ತಾನು ಹೋಗಿ ಪುಟ್ಟರಂಗಣ್ಣನಿಗೆ ಎಲ್ಲ ಹೇಳುತ್ತೇನೆ, ತಾನೂ ಔಟು, ಬೇರೆ ಯಾರಾದರೂ ಹೋಗಲಿ ಎಂದ. ಹೇಳುವುದು ಹೇಳಿ, ಆದರೆ ಹೋಗಬೇಕಾದವರು ನೀವೇ ಎಂದಳು ಅವಳು. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಯಲಾಗದವರು, ಹದಿನೆಂಟು ಹೋಲ್ ನಡೆದು, ಇನ್ನೊಬ್ಬರ ಒಂದೊಂದು ಏಟನ್ನೂ ಇದ್ದ ಹಾಗೆ ಬರೆದು ಬನ್ನಿ. ಅದೇ ನಿಮಗೆ ಪೆನಾಲ್ಟಿ.

"ಅವಳು ಏನಂತಾಳೆ ಅಂತ ಕೇಳಿಸಿದ್ರೆ?"

ಅವಳ ಎದೆಯಲ್ಲಿ ಆಸೆ ಒಂದು ಸಲ ಎದ್ದು ಕೂತಿತು. "ನಂಗ್ ಹೇಳ್ಬೇಡಿ," ಎಂದು ತುಮಕೂರಿನ ಬಸ್ಸು ಹತ್ತಿದಳು. ಹೆಗ್ಗೆರೆ ದಾಟುವ ಮೊದಲೇ ಅದಕ್ಕೆ ಪಶ್ಚಾತ್ತಾಪಪಟ್ಟಳು.

ಮೆಹತಾಬ್ ಆವತ್ತೇ ಹೋಟೆಲಿಗೆ ಹೋಗಿ ಒಪ್ಪಿಕೊಂಡನಂತೆ. ಉಳಿದ ಯಾರಿಗೂ ರಜೆ ಸಿಗುವ ಹಾಗಿರಲಿಲ್ಲ. ಹಾಗಾಗಿ ಪುಟ್ಟರಂಗಯ್ಯ ಅವನ ಹೆಸರನ್ನೇ ಕಳಿಸಿದರು. ಜೊತೆಗೆ ಒಂದು ವರ್ಷ ಹೋಟೆಲಿನಲ್ಲಿ ಪೆನ್ನು ಮುಟ್ಟಬಾರದೆಂದು ತೀರ್ಪು ಕೊಟ್ಟರು.

*

ಪಂದ್ಯದ ಕೊನೆಯ ದಿನ ಅಂಬ್ರೀನ್ ಹೋಟೆಲಿಗೆ ಹೋಗಲಿಲ್ಲ. ಅಂಗಡಿಯಲ್ಲಿ ದಾರದ ಡಬ್ಬಿಗೆ ಫೋನು ಒರಗಿಸಿ ನೋಡಿದಳು. ಹರ್ಷಿತಾ, ಅವಳ ಹಿಂದೆ ಬ್ಯಾಗು ಹೊತ್ತ ಚಿಕ್ಕಪ್ಪ, ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಹಸಿರು ಜಾಕೆಟ್ಟಿನ ಮೆಹತಾಬ್. ಒಂದೊಂದು ಏಟಿಗೂ ತಲೆ ತಗ್ಗಿಸಿ ಬೆರಳಾಡಿಸುತ್ತಿದ್ದ. ಒತ್ತಿದ್ದನ್ನು ಇನ್ನೊಂದು ಸಲ ನೋಡುತ್ತಿದ್ದ. ಕ್ಯಾಮೆರಾ ಹರ್ಷಿತಾಳ ಕಡೆ ತಿರುಗಿದಾಗಲೂ ಅಂಬ್ರೀನ್ ಅಂಚಿನಲ್ಲಿ ಆ ಹಸಿರು ಎಲ್ಲಿದೆ ಎಂದೇ ಹುಡುಕಿದಳು. ತಾನು ಯಾರ ಅಭಿಮಾನಿ ಎಂದು ಅವಳಿಗೇ ಅನುಮಾನ ಬಂತು.

ಹದಿನೆಂಟನೇ ಹೋಲ್. ನಾಲ್ಕಡಿ. ಹರ್ಷಿತಾ ಚಿಕ್ಕಪ್ಪನ ಕಿವಿಗೆ ಬಾಗಿದಳು. ಆ ಕ್ಷಣ ಮೆಹತಾಬ್ ಹತ್ತಿರದಲ್ಲೇ ಇದ್ದ. ಅವನ ಮುಖ ತಟ್ಟನೆ ಸಡಿಲವಾಯಿತು. ಹರ್ಷಿತಾ ಹೋಗಿ ಹೊಡೆದಳು. ಚೆಂಡು ಗುಳಿಯ ಅಂಚನ್ನು ಸುತ್ತಿ ಹೊರಗೆ ನಿಂತಿತು. ಮೂರನೇ ಸ್ಥಾನ ಹೋಗಿ ಆರನೆಯದು ಸಿಕ್ಕಿತು. ವರ್ಷದ ಪಟ್ಟಿಯಲ್ಲಿ ಇಪ್ಪತ್ತೆಂಟು, ಜಾಗ ಉಳಿಯಿತು.

ಮಾತು ಕೇಳಿಸಿಕೊಂಡವನು ಆಮೇಲೆ ಎರಡು ವಾರ ಹೋಟೆಲಿಗೇ ಬರಲಿಲ್ಲ. ಮೊದಲ ವಾರ ಅವಳಿಗೆ ಕೋಪ. ಎರಡನೆಯ ವಾರ ಕೋಪ ಯಾಕೆ ಎಂದು ಯೋಚನೆ. ಮೂರನೆಯ ವಾರ ಅವಳೇ ಮೆಸೇಜು ಹಾಕಿದಳು: "ಹೇಳ್ಬೇಡಿ ಅಂದಿದ್ದು ವಾಪಸ್."

ಶುಕ್ರವಾರ ಮಧ್ಯಾಹ್ನ ಅಬ್ಬಾ ನಮಾಜಿಗೆ ಹೋದ ಹೊತ್ತಿನಲ್ಲಿ ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಅವನು ಹೊಲಿಗೆ ಅಂಗಡಿಯ ಒಳಗೆ ಬಂದದ್ದು ಅದೇ ಮೊದಲು. ಕುಣಿಗಲ್‌ನ ಶಾಲೆಯೊಂದರ ನೂರಿಪ್ಪತ್ತು ಟೋಪಿ ಅಲ್ಲಿ ರಾಶಿ ಬಿದ್ದಿತ್ತು, ಮೊದಲನೆಯದು ಫ್ರೇಮಿನಲ್ಲಿ ಕಾಯುತ್ತಿತ್ತು. ಅವನು ನಮಾಜು ತಪ್ಪಿಸಿ ಬಂದಿದ್ದಾನೆಂದು ಅವಳಿಗೆ ಗೊತ್ತಾಯಿತು. ಅದನ್ನು ಹೇಳಿ ರೇಗಿಸಬೇಕೆನಿಸಿದರೂ ರೇಗಿಸಲಿಲ್ಲ.

"ಆಟ ಮುಗಿದ ಮೇಲೆ ಅವಳ ಚಿಕ್ಕಪ್ಪನ್ನ ಕೇಳ್ದೆ," ಎಂದ. "ನಂಗೆ ಕೇಳಿಸಿಬಿಡ್ತು, ಒಬ್ಬರಿಗೆ ಹೇಳ್ಬೋದಾ ಅಂತ. ಯಾರ್ಗೆ ಅಂದ್ರು. ಒಬ್ಬರಿಗೆ ಅಂದೆ. ಅವರು ನನ್ ಮುಖ ನೋಡಿ, ಒಬ್ಬರಿಗಾದ್ರೆ ಹೇಳಪ್ಪ ಅಂದ್ರು. ಹಾಗಾಗಿ ಪುಟ್ಟರಂಗಣ್ಣನಿಗೂ ಹೇಳಿಲ್ಲ."

"ಹೇಳಿ."

"ಅವಳು, 'ಚಿಕ್ಕಪ್ಪ, ಭಯ ಆಯ್ತದೆ' ಅಂತಾಳೆ. ಅವರು, 'ಗೊತ್ತು ಕಣವ್ವ, ಹೊಡಿ' ಅಂತಾರೆ."

ಅಂಬ್ರೀನ್ ಕಾದಳು. ಇನ್ನೇನೂ ಬರಲಿಲ್ಲ.

"ಅಷ್ಟೇನಾ?"

"ಅಷ್ಟೇ. ಆವತ್ತು ಒಂಬತ್ತು ಸಲ ಹೇಳಿದ್ಲು. ಎಂಟು ಒಳಗೆ ಹೋಯ್ತು, ಒಂದು ತಪ್ಪಿತು. ಇದ್ದ ಹಾಗೇ ಬರೆದಿದೀನಿ."

"ಭಯ ಹೋಗಲ್ವಲ್ಲ. ಮತ್ತೆ ಹೇಳಿ ಏನ್ ಪ್ರಯೋಜನ?"

"ನಾನೂ ಅದನ್ನೇ ಕೇಳ್ದೆ. ಹೇಳದೇ ಇದ್ರೆ ಅವಳು ಹೊಡೆಯೋದೇ ಇಲ್ವಂತೆ. ಹಿಂದೊಂದು ಸಲ ಚೆಂಡಿನ ಮುಂದೆ ನಿಂತೇಬಿಟ್ಟಿದ್ಲಂತೆ, ಅಳುತ್ತಾ."

ಅವನು ಒಂದು ಟೋಪಿಯನ್ನು ಎತ್ತಿ, ಅಭ್ಯಾಸಬಲದಿಂದ ಹೊಲಿಗೆಯ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಈ ಸಲವೂ ಹದಿನಾಲ್ಕನೇ ಹೋಲ್‌ನ ನೋಟವೇ. ಮಸೀದಿಯಿಂದ ಜನ ಹೊರಬರುವ ಸದ್ದಾಯಿತು. ಅವನು ಟೋಪಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಹೊರಟ.

ಅಬ್ಬಾ ಒಳಗೆ ಬರುತ್ತಾ, ಆ ಹುಡುಗ ಟೋಪಿಗೆ ಬಂದಿದ್ದನಾ ಎಂದು ಉರ್ದುವಿನಲ್ಲಿ ಕೇಳಿದರು. ಅಳತೆ ಕೊಡಲು ಬಂದಿದ್ದ ಎಂದಳು. ಯಾವುದರ ಅಳತೆ ಎಂದು ಅವರು ಕೇಳಲಿಲ್ಲ. ಎಂದಿನಂತೆ ಹಸಿರು ಬಟನ್ನಿನ ಕಡೆ ಕೈ ಚಾಚಿದರು.

"ಅಬ್ಬಾ, ನನಗೆ ಭಯವಾಗುತ್ತೆ," ಎಂದಳು ಅಂಬ್ರೀನ್. ಒಂದು ವರ್ಷದಲ್ಲಿ ಇದೇ ಮೊದಲ ಸಲ.

ಅವರ ಕೈ ಗಾಳಿಯಲ್ಲೇ ನಿಂತಿತು. ಮಗಳನ್ನು ನೋಡಿದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಗುಟ್ಟು ಹೇಳುವವರ ಹಾಗೆ ಬಗ್ಗಿದರು. "ನನಗೂ ಆಗುತ್ತೆ. ಅದಕ್ಕೇ ನಾನು ಬೇಗ ಒತ್ತಿಬಿಡೋದು."

ಅವಳು ನಕ್ಕಳು. ನಗುತ್ತಿರುವಾಗಲೇ ಬೆರಳು ಹೋಗಿ ಒತ್ತಿತ್ತು.

*

ಮಂಗಳವಾರ ಟೋಪಿಯ ಎರಡು ರಟ್ಟಿನ ಡಬ್ಬಗಳೊಂದಿಗೆ ಅವಳು ಕುಣಿಗಲ್‌ನಲ್ಲಿ ಇಳಿದಳು. ಅವನು ಆ ದಿನ ರಜೆ ಹಾಕಿ ಊರಿಗೆ ಬಂದಿದ್ದಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿತ್ತು ಎಂದು ಅವನಿಗೂ ಗೊತ್ತಿತ್ತು. ಇಬ್ಬರೂ ಡಬ್ಬಗಳನ್ನು ಶಾಲೆಗೆ ಮುಟ್ಟಿಸಿ, ಕೆರೆ ಏರಿಯ ಮೇಲೆ ಬಂದು ನಿಂತರು. ಇಳಿಬಿಸಿಲು. ನೀರಿನ ಮೇಲೆ ಕೊಕ್ಕರೆಗಳು ಯಾರಿಗೂ ತೊಂದರೆ ಕೊಡದೆ ತಮ್ಮ ಪಾಡಿಗೆ ಇದ್ದವು.

ಟೋಪಿ ಓರೆಯಾಗಿಲ್ಲವಾ ಎಂದು ಅವಳು ಕೇಳಿದಳು. ಹತ್ತು ಟೋಪಿ ಅಳೆದೆ, ಒಂದೂ ಇಲ್ಲ ಎಂದ ಅವನು. ಯಾರು ಅಳೆಯಲು ಹೇಳಿದರು ಎಂದಳು. ಅವನು ಸ್ಕೇಲು ಮುಟ್ಟಿಕೊಂಡ.

ಅವಳು ಎರಡು ಹೆಜ್ಜೆ ಹತ್ತಿರ ಬಂದಳು. ಹಸಿರು ಬಟನ್ನು ಇದಕ್ಕಿಂತ ಸುಲಭ.

"ಮೆಹತಾಬ್, ಭಯ ಆಗ್ತಿದೆ."

ಅವನು ಅವಳನ್ನು ನೋಡಿದ. ಕೊಕ್ಕರೆಯೊಂದು ಹಾರಿ, ಇನ್ನೊಂದು ಕಡೆ ಹೋಗಿ ಕೂತಿತು.

"ಗೊತ್ತು," ಎಂದ, ಮೆಲ್ಲಗೆ. "ಹೇಳಿ."

"ಪೆನ್ ತಗೊಳ್ಳಿ."

"ಪೆನ್ ಮುಟ್ಟಬಾರದು ಅಂತ ತೀರ್ಪು ಇದೆ."

"ಅದು ಹೋಟೆಲಲ್ಲಿ. ಇದು ಕೆರೆ." ಅವಳು ಚೀಲದಿಂದ ಟೋಪಿಯ ಡೆಲಿವರಿ ಚೀಟಿ ತೆಗೆದು, ಖಾಲಿ ಬೆನ್ನನ್ನು ಮೇಲೆ ಮಾಡಿ ಕೊಟ್ಟಳು. "ನಾನ್ ಹೇಳಿದ್ದನ್ನ, ಹೇಳಿದ ಹಾಗೇ ಬರೀಬೇಕು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ."

ಅವನು ಏರಿಯ ಕಲ್ಲಿನ ಮೇಲೆ ಚೀಟಿ ಇಟ್ಟು ಬಾಗಿದ. ಅವಳು ನೀರನ್ನು ನೋಡುತ್ತಾ ಹೇಳಿದಳು.

"ನಂಗೆ ನೀವಂದ್ರೆ ಇಷ್ಟ. ಮೊದಲನೇ ದಿನದಿಂದಲ್ಲ. ಹದಿನಾಲ್ಕನೇ ಹೋಲ್‌ನಿಂದ. ಕೋಪ ಬಂದ ಮೇಲೆ ಇನ್ನೂ ಜಾಸ್ತಿ ಆಯ್ತು."

ಪೆನ್ನಿನ ಸದ್ದು ಕೇಳಿಸಿತು. ಈ ಸಲ ಅದು ನಿಲ್ಲಲಿಲ್ಲ. ಮುಗಿದ ಮೇಲೆ ಅವನು ಪೆನ್ನನ್ನು ಅವಳ ಕಡೆ ಚಾಚಿದ.

"ನನ್ ಕಾರ್ಡ್ ನೀವು ತಾನೇ ಬರೆಯೋದು?"

"ಹೇಳಿ."

"ನಂಗೂ. ತಟ್ಟೆ ಇಡ್ಲಿ ಪಾರ್ಸಲ್ ದಿನದಿಂದ. ಮುಂದಿನ ಶುಕ್ರವಾರ ನಮಾಜ್ ಆದ್ಮೇಲೆ ನಿಮ್ ಅಬ್ಬಾನ ನೋಡೋಕೆ ಬರ್ತೀನಿ. ಭಯ ಆಗ್ತಿದೆ. ಆದ್ರೂ ಬರ್ತೀನಿ."

ಅವಳು ತನ್ನ ಬಾತುಕೋಳಿ ಅಕ್ಷರಗಳಲ್ಲಿ ಬರೆದಳು. ಅವನು ಓದಿ ಕೆಳಗೆ ಸೈನ್ ಹಾಕಿದ. ಆಮೇಲೆ ಚೀಟಿ ಅವಳ ಕೈಗೆ ಬಂತು.

ಮೊತ್ತ ನೋಡಿ ಸೈನ್ ಹಾಕುವ ಅಂಬ್ರೀನ್ ಅಲ್ಲ ಈಗ. ಅಚ್ಚು ಹಾಕಿದಂಥ ಆ ಸಾಲುಗಳನ್ನು ಬಿಸಿಲಿಗೆ ಹಿಡಿದು, ಮೊದಲಿನಿಂದ ಕೊನೆಯವರೆಗೆ, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದಳು. ಹೇಳಿದ್ದೆಲ್ಲ ಇತ್ತು. 'ಕೋಪ' ಕೂಡ ಇತ್ತು. ಪಕ್ಕದಲ್ಲಿ ನಿಂತವನು ಉಸಿರು ಬಿಡುವುದನ್ನೇ ಮರೆತಿದ್ದ. ಅವನು ಇನ್ನಷ್ಟು ಹೊತ್ತು ಹಾಗೇ ಇರಲಿ ಎಂದು ಅವಳು ಇನ್ನೊಂದು ಸಲ ಓದಿದಳು.

ಆಮೇಲೆ ಸೈನ್ ಹಾಕಿದಳು.